ಗೆಳೆಯನ ನಾಣ್ಯ ಎಲ್ಲಿ ಹೋಯಿತು?

ಮಕ್ಕಳೇ, ಜಾತ್ರೆಯಲ್ಲೋ ಶಾಲೆಯಲ್ಲೋ ನೀವು ಜಾದೂ ನೋಡಿರುತ್ತೀರಿ. ಪೆಟ್ಟಿಗೆ, ಟೋಪಿ, ಬಣ್ಣದ ಕೋಲು ಎಲ್ಲವೂ ಜಾದೂಗಾರನವೇ. ಅವುಗಳಲ್ಲಿ ಏನೋ ಗುಟ್ಟಿದೆ ಎಂಬ ಅನುಮಾನ ಬಂದೇ ಬರುತ್ತದೆ. ಆದರೆ ಆತ ನಿಮ್ಮದೇ ನಾಣ್ಯ ಕೇಳಿ ಪಡೆದು, ನಿಮ್ಮೆದುರೇ ಮಾಯ ಮಾಡಿದರೆ? ನಾಣ್ಯದಲ್ಲಿ ಮೋಸವಿಲ್ಲ ಎಂದು ನಿಮಗೇ ಗೊತ್ತು. ಹಾಗಾದರೆ ಗುಟ್ಟು ಎಲ್ಲಿದೆ? ಮಾಡಿಯೇ ನೋಡೋಣ.

ಗೆಳೆಯನಿಂದ ಒಂದು ನಾಣ್ಯ ಪಡೆಯಿರಿ. ಅದರ ಮೇಲಿನ ಇಸವಿಯನ್ನು ಅವನಿಂದಲೇ ಓದಿಸಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿಯಲ್ಲಿ ನಾಣ್ಯದ ಅಂಚನ್ನು ಹಿಡಿಯಿರಿ. ಅಂಗೈ ಮೇಲ್ಮುಖವಾಗಿರಲಿ, ಉಳಿದ ಬೆರಳುಗಳು ಸ್ವಲ್ಪ ಮಡಿಚಿರಲಿ. ಈಗ ನಾಣ್ಯ ತೆಗೆದುಕೊಳ್ಳುವವರಂತೆ ಬಲಗೈಯನ್ನು ತನ್ನಿ. ಬಲಗೈಯ ಹೆಬ್ಬೆರಳು ನಾಣ್ಯದ ಕೆಳಗೆ ಹೋಗಲಿ. ಉಳಿದ ನಾಲ್ಕು ಬೆರಳುಗಳು ನಾಣ್ಯವನ್ನು ಗೆಳೆಯನಿಗೆ ಕಾಣದಂತೆ ಮರೆಮಾಡಲಿ. ಮರೆಯಾದ ಕೂಡಲೇ ಎಡಗೈಯ ಹಿಡಿತ ಸಡಿಲಿಸಿ. ನಾಣ್ಯ ತನ್ನ ಭಾರಕ್ಕೆ ತಾನೇ ಎಡ ಅಂಗೈಗೆ ಬೀಳುತ್ತದೆ. (ಕೈಯಲ್ಲಿ ಉಂಗುರವಿದ್ದರೆ ಮೊದಲೇ ತೆಗೆದಿಡಿ. ಟಣ್ ಎಂದರೆ ಗುಟ್ಟು ರಟ್ಟು!) ಬಲಗೈ ಮಾತ್ರ ನಾಣ್ಯ ಸಿಕ್ಕಿತೆಂಬಂತೆ ಮುಷ್ಟಿ ಕಟ್ಟಿ ದೂರ ಸರಿಯಲಿ. ಉಫ್ ಎಂದು ಊದಿ ಮುಷ್ಟಿ ಬಿಚ್ಚಿ. ಬರಿಗೈ!

ಕೈ ಕೆಲಸ ಇಷ್ಟೇ. ಕನ್ನಡಿಯ ಮುಂದೆ ನಾಲ್ಕು ದಿನ ಅಭ್ಯಾಸ ಮಾಡಿದರೆ ಬರುತ್ತದೆ. ಕಷ್ಟವಾದದ್ದು ಕಣ್ಣಿನ ಕೆಲಸ. ನಾಣ್ಯ ಎಡಗೈಯಲ್ಲಿದ್ದರೂ ನಿಮ್ಮ ನೋಟ ಬಲಮುಷ್ಟಿಯ ಜೊತೆಗೇ ಹೋಗಬೇಕು. ಒಮ್ಮೆ ಎಡಗೈಯತ್ತ ಇಣುಕಿದರೂ ಕೆಟ್ಟಿತು. ಏಕೆ?

2006ರಲ್ಲಿ ಗುಸ್ಟಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕುನ್ ಸ್ವತಃ ಜಾದೂ ಬಲ್ಲವರು. ವೀಡಿಯೋದಲ್ಲಿ ಜಾದೂಗಾರ ಚೆಂಡನ್ನು ಎರಡು ಸಲ ಮೇಲೆಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆಯುವಂತೆ ನಟಿಸುತ್ತಾನೆ, ಚೆಂಡು ಕೈಯಲ್ಲೇ ಇರುತ್ತದೆ. ಆಗ ಆತ ಮೇಲೆ ನೋಡಿದರೆ, ನೋಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗದವರು ‘ಚೆಂಡು ಮೇಲೆ ಹೋದದ್ದನ್ನು ಕಂಡೆವು’ ಎಂದರು! ಆತ ತನ್ನ ಕೈಯನ್ನೇ ನೋಡಿದಾಗ ಹಾಗೆಂದವರು ಮೂರರಲ್ಲಿ ಒಂದು ಭಾಗ ಮಾತ್ರ. ನೋಡುಗರ ಕಣ್ಣಿನ ಚಲನೆಯನ್ನೂ ಯಂತ್ರದಿಂದ ಅಳೆದಿದ್ದರು. ಚೆಂಡು ‘ಕಂಡ’ ಜಾಗಕ್ಕೆ ಹೆಚ್ಚಿನವರ ಕಣ್ಣು ಹೋಗಿರಲೇ ಇಲ್ಲ. ಜಾದೂಗಾರನ ಮುಖ ನೋಡಿ, ಚೆಂಡು ಮೇಲೆ ಹೋಗಿರಬೇಕೆಂದು ಮಿದುಳು ಊಹಿಸಿತ್ತು. ನಾವು ಇದಕ್ಕೆ ಕಣ್ಕಟ್ಟು ಎನ್ನುತ್ತೇವೆ. ನಿಜವಾಗಿ ಕಟ್ಟಿಹಾಕುವುದು ಕಣ್ಣನ್ನಲ್ಲ, ಗಮನವನ್ನು.

ಮನೆ ಬಾಗಿಲಿಗೆ ಬಂದು, ದೋಷ ಪರಿಹಾರಕ್ಕೆಂದು ಸರ ಬಿಚ್ಚಿಸಿ, ಮನೆಯವರದೇ ಬಟ್ಟೆಯಲ್ಲಿ ಗಂಟು ಕಟ್ಟಿ, ‘ಮೂರು ದಿನ ಬಿಚ್ಚಬೇಡಿ’ ಎನ್ನುವವರ ಸುದ್ದಿ ಕೇಳಿದ್ದೀರಾ? ಬಿಚ್ಚಿದಾಗ ಒಳಗೆ ಬರೀ ಕಲ್ಲು. ಸರವೂ ಬಟ್ಟೆಯೂ ಮನೆಯದೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಿಮ್ಮ ನಾಣ್ಯದ ಆಟ ಮತ್ತು ಈ ಮೋಸ, ಎರಡರ ಉಪಾಯವೂ ಒಂದೇ. ಆಟ ಕಲಿತ ಮೇಲೆ ಇದನ್ನು ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಮಾಡಿ ತೋರಿಸಿ.

ತರಗತಿಯಲ್ಲಿ ನೀವೂ ಒಂದು ಪ್ರಯೋಗ ಮಾಡಬಹುದು. ಹತ್ತು ಜನರನ್ನು ಒಬ್ಬೊಬ್ಬರನ್ನಾಗಿ ಕರೆಯಿರಿ. ಐದು ಜನರೆದುರು ಬಲಮುಷ್ಟಿಯನ್ನು ನೋಡುತ್ತಾ ಮಾಡಿ, ಉಳಿದ ಐವರೆದುರು ಎಡಗೈಯನ್ನು ನೋಡುತ್ತಾ ಮಾಡಿ. ನಾಣ್ಯ ಎಲ್ಲಿದೆ ಎಂದು ಎಷ್ಟು ಜನ ಸರಿಯಾಗಿ ಹೇಳಿದರು? ಪಟ್ಟಿ ಬರೆದಿಡಿ. ಒಬ್ಬರಿಗೇ ಎರಡು ಸಲ ಮಾಡಬೇಡಿ. ಎರಡನೆಯ ಸಲ ಏನಾಗಲಿದೆ ಎಂದು ಅವರಿಗೆ ಗೊತ್ತಿರುತ್ತದೆ, ಆಗ ನೇರ ಎಡಗೈಯನ್ನೇ ನೋಡುತ್ತಾರೆ. ಮತ್ತೆ, ಇಸವಿ ನೋಡಿ ಗೆಳೆಯನ ನಾಣ್ಯವನ್ನು ಗೆಳೆಯನಿಗೇ ಕೊಡಿ.