ಪಿಂಟರೆಸ್ಟ್ ಬೋರ್ಡಿನಿಂದ ಬೆಳಕಿನ ಪಾಠಕ್ಕೆ: ಎಂಟನೇ ತರಗತಿಯ ಒಂದು ವಿಸ್ತರಣಾ ಚಟುವಟಿಕೆ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ನಾನು ತೆಗೆದುಕೊಂಡ ಘಟಕ 'ಬೆಳಕು'. ನಿಯತ ಪ್ರತಿಫಲನವನ್ನು ಕನ್ನಡಿಯಿಂದ, ಚದುರಿದ ಪ್ರತಿಫಲನವನ್ನು ಸುಣ್ಣದ ಗೋಡೆಯಿಂದ ತೋರಿಸಿಯಾಗಿತ್ತು. 5ಇ ಪಾಠಯೋಜನೆಯ ವಿಸ್ತರಣೆಯ ಹಂತಕ್ಕೆ ಏನು ಮಾಡಿಸುವುದೆಂದು ಹುಡುಕುವಾಗ ಶಾಲೆಯಲ್ಲೇ ಒಂದು ಕೆಲಸ ಸಿಕ್ಕಿತು. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಗೋಡೆ ಪತ್ರಿಕೆಗೆ, ಮಕ್ಕಳು ತಾವು ಮಾಡಿದ ಮಾದರಿಗಳ ಜೊತೆ ನಿಂತ ಫೋಟೋಗಳು ಬೇಕಿದ್ದವು. 1928ರಲ್ಲಿ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯ ಬಗ್ಗೆ ಮಾಡಿದ ಶೋಧದ ನೆನಪಿನ ದಿನವದು. ಫೋಟೋ ತೆಗೆಯುವುದನ್ನೇ ಪಾಠ ಮಾಡೋಣವೆನಿಸಿತು.

ಮದುವೆ ಮನೆಯ ಫೋಟೋಗ್ರಾಫರುಗಳೂ ಈಗ ಮೊದಲು ಕೇಳುವುದು "ಪಿಂಟರೆಸ್ಟ್‌ನಲ್ಲಿ ಏನಾದ್ರೂ ನೋಡಿಟ್ಕೊಂಡಿದೀರಾ?" ಎಂದು. 2010ರಲ್ಲಿ ಶುರುವಾದ ಈ ತಾಣದಲ್ಲಿ ಇಷ್ಟವಾದ ಚಿತ್ರಗಳನ್ನು 'ಪಿನ್' ಮಾಡಿ ಒಂದು ಬೋರ್ಡಿನಲ್ಲಿ ಸೇರಿಸಿಡಬಹುದು. ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ತರಗತಿಯಲ್ಲಿ ಆ ವಯಸ್ಸು ತುಂಬದವರೂ ಇದ್ದುದರಿಂದ ನನ್ನ ಖಾತೆಯಲ್ಲೇ ಒಂದು ಗುಪ್ತ ಬೋರ್ಡ್ ಮಾಡಿ, ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಚಿತ್ರಗಳನ್ನು ಆರಿಸಿದವರು ಮಕ್ಕಳೇ.

ಹತ್ತು ನಿಮಿಷದಲ್ಲಿ ನಲವತ್ತು ಪಿನ್ ಆದವು. ಒಂದನ್ನು ಒತ್ತಿದರೆ ಅದರಂಥವೇ ಇನ್ನಷ್ಟು ಬರುತ್ತವೆ. ಹಾಗಾಗಿ ಬೋರ್ಡ್ ಬೇಗ ಒಂದೇ ಕಡೆ ವಾಲುತ್ತದೆ. ನಮ್ಮದು ವಾಲಿದ್ದು ಸಂಜೆಯ ಹೊಂಬಿಸಿಲು, ಹುಲ್ಲುಗಾವಲು, ಹಾರುವ ಕೂದಲಿನ ಕಡೆಗೆ. ಮಾದರಿಯ ಜೊತೆ ನಿಂತ ಒಂದು ಮಗುವೂ ಅದರಲ್ಲಿರಲಿಲ್ಲ.

ಅಳಿಸಲು ಹೇಳಲಿಲ್ಲ. ಪ್ರತಿ ಚಿತ್ರಕ್ಕೂ ಮೂರೇ ಪ್ರಶ್ನೆ ಕೊಟ್ಟೆ: ಬೆಳಕು ಯಾವ ಕಡೆಯಿಂದ ಬಂದಿದೆ? ನೆರಳಿನ ಅಂಚು ಚೂಪಾಗಿದೆಯೋ ಮಸುಕಾಗಿದೆಯೋ? ಮುಖದ ಹಿಂದೆ ಏನಿದೆ? ಮೂಗಿನ ನೆರಳು ನೋಡಿ ಸೂರ್ಯನ ದಿಕ್ಕು ಹೇಳುವುದು ಅವರಿಗೆ ಪತ್ತೇದಾರಿ ಆಟದಂತಾಯಿತು. ಹೊಂಬಿಸಿಲು ನಮಗೇಕೆ ಅಷ್ಟು ಹೊತ್ತು ಸಿಗುವುದಿಲ್ಲವೆಂದು ಒಬ್ಬ ಕೇಳಿದ. ಭೂಮಧ್ಯರೇಖೆಯಿಂದ ದೂರದ ನಾಡುಗಳಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಇಳಿಯುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿದುಬಿಡುತ್ತಾನೆ. ಗ್ಲೋಬ್ ತರಿಸಬೇಕಾಯಿತು. ಯೋಜನೆಯಲ್ಲಿ ಇಲ್ಲದ ಈ ಎಂಟು ನಿಮಿಷವೇ ಆ ಪಿರಿಯಡ್ಡಿನ ಒಳ್ಳೆಯ ಭಾಗವೆಂದು ನನ್ನ ಅಭಿಪ್ರಾಯ.

ಫೋಟೋಗೆ ಹೆಸರು ಬರೆದುಕೊಳ್ಳುವಾಗ ಮಾತ್ರ ತರಗತಿ ತಣ್ಣಗಾಯಿತು. ಪೆರಿಸ್ಕೋಪ್ ಮಾಡಿದ ಹುಡುಗಿ, "ನಾನು ನಿಲ್ಲಲ್ಲ ಮಿಸ್, ಕಪ್ಪಗೆ ಬರ್ತೀನಿ. ಪೆರಿಸ್ಕೋಪ್ ಅವಳು ಹಿಡ್ಕೊಳ್ಳಲಿ" ಎಂದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಸರು ಹಿಂತೆಗೆದುಕೊಂಡರು. ಮತ್ತೊಮ್ಮೆ ಬೋರ್ಡ್ ನೋಡಿದೆ. ನಲವತ್ತರಲ್ಲಿ ಅವಳ ಬಣ್ಣದ ಮುಖ ಒಂದೂ ಇರಲಿಲ್ಲ.

ಸಮಾಧಾನದ ಮಾತಿಗಿಂತ ಪ್ರಯೋಗ ವಾಸಿ. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ, ತರಗತಿಯಲ್ಲಿ ಅತಿ ಬೆಳ್ಳಗಿರುವವನೆಂದು ಅವರೇ ಹೇಳುವ ಹುಡುಗನನ್ನು ಬಿಸಿಲು ಬಿದ್ದ ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದೆ. ಮುಖ ಕಪ್ಪಗೆ ಬಂತು. ಫೋನಿನ ಕ್ಯಾಮೆರಾ ಚೌಕಟ್ಟಿನ ಒಟ್ಟು ಬೆಳಕನ್ನು ಅಳೆದು ನಡುಮಟ್ಟಕ್ಕೆ ತರಲು ನೋಡುತ್ತದೆ. ಗೋಡೆ ಹೊಳೆದರೆ ಎಲ್ಲವನ್ನೂ ತಗ್ಗಿಸುತ್ತದೆ, ಮುಖವನ್ನೂ ಸೇರಿಸಿ. ಅದೇ ಹುಡುಗ ವರಾಂಡದ ನೆರಳಿನಲ್ಲಿ, ಕಂದು ಬಾಗಿಲಿನ ಮುಂದೆ, ಅಂಗಳಕ್ಕೆ ಮುಖ ಮಾಡಿ ನಿಂತಾಗ ಕಣ್ಣು, ಹುಬ್ಬು ಎಲ್ಲ ಸ್ಪಷ್ಟ. ಪಕ್ಕದಿಂದ ಇಬ್ಬರು ವಸ್ತುಪ್ರದರ್ಶನದ ಹಳೆಯ ಥರ್ಮಾಕೋಲ್ ಶೀಟ್ ಹಿಡಿದರು. ಕೆನ್ನೆಯ ಮೇಲಿದ್ದ ನೆರಳು ತಿಳಿಯಾಯಿತು. "ಚದುರಿದ ಪ್ರತಿಫಲನ!" ಎಂದು ಹಿಂದಿನ ಸಾಲಿನಿಂದ ಕೂಗು. ಪರದೆಯ ಮೇಲೆ ಮುಖವನ್ನು ಮುಟ್ಟಿದರೆ ಕ್ಯಾಮೆರಾ ಅಲ್ಲಿನ ಬೆಳಕಿಗೆ ಹೊಂದಿಕೊಳ್ಳುವುದನ್ನೂ ತೋರಿಸಿದೆ. ಬ್ಯೂಟಿ ಮೋಡ್ ಆಫ್. ಅದು ಚರ್ಮವನ್ನು ಬಿಳಿಚಿಸುತ್ತದೆ, ಬೆಳಕನ್ನು ಕಲಿಸುವುದಿಲ್ಲ.

ಹುಡುಗಿ ಆ ದಿನ ನಿಲ್ಲಲಿಲ್ಲ; ನಾನೂ ಒತ್ತಾಯಿಸಲಿಲ್ಲ. ಮರುದಿನ ಬಿಸಿಯೂಟಕ್ಕೆ ಮೊದಲು ಬಂದು, "ಬಾಗಿಲ ಹತ್ರ ಒಂದ್ಸಲ ತೆಗೀರಿ, ಚೆನ್ನಾಗಿಲ್ಲ ಅಂದ್ರೆ ಅಳಿಸ್ಬೇಕು" ಎಂದು ಷರತ್ತು ಹಾಕಿದಳು. ಮೂರು ತೆಗೆದೆ, ಎರಡು ಅಳಿಸಿಸಿದಳು. ಉಳಿದದ್ದರಲ್ಲಿ ಅವಳು ನಗುತ್ತಿಲ್ಲ, ಪೆರಿಸ್ಕೋಪನ್ನು ನೋಡುತ್ತಿದ್ದಾಳೆ. ಹೊಸ ಬೋರ್ಡಿನ ಮೊದಲ ಚಿತ್ರವಾಗಿ ಮಕ್ಕಳು ಅದನ್ನೇ ಆರಿಸಿದರು. ಈ ಬೋರ್ಡ್ ಡ್ರಾಯಿಂಗ್ ಶೀಟಿನದು, ತರಗತಿಯ ಗೋಡೆಯ ಮೇಲಿನದು. ಮಕ್ಕಳ ಫೋಟೋಗಳನ್ನು ಪಿಂಟರೆಸ್ಟ್‌ಗೆ ಹಾಕಲಿಲ್ಲ, ಗೋಡೆಗೆ ಅಂಟಿಸುವ ಮೊದಲೂ ಪೋಷಕರ ಒಪ್ಪಿಗೆ ಸಹಿ ಪಡೆದೆವು.

ಮೌಲ್ಯಮಾಪನಕ್ಕೆ ಪ್ರತಿ ಗುಂಪೂ ತನ್ನ ಫೋಟೋದ ಕೆಳಗೆ ಕಿರಣಚಿತ್ರ ಬರೆಯಬೇಕಿತ್ತು: ಸೂರ್ಯ, ಅಂಗಳದ ನೆಲ, ಥರ್ಮಾಕೋಲ್, ಮುಖ, ಕ್ಯಾಮೆರಾ. ಆರು ಗುಂಪುಗಳಲ್ಲಿ ನಾಲ್ಕು ಸರಿಯಾಗಿ ಬರೆದವು. ಎರಡು ಗುಂಪುಗಳು ಬಾಣವನ್ನು ಕ್ಯಾಮೆರಾದಿಂದ ಮುಖಕ್ಕೆ ಎಳೆದಿದ್ದವು. ಕಣ್ಣಿನಿಂದಲೇ ಬೆಳಕು ಹೊರಡುತ್ತದೆಂಬ ಹಳೆಯ ಕಲ್ಪನೆ ಇಲ್ಲಿ ಕ್ಯಾಮೆರಾ ರೂಪದಲ್ಲಿ ಬಂದಿದೆ. ಇದೇ ಚಟುವಟಿಕೆ ಮಾಡಿಸುವವರು ಬಾಣದ ದಿಕ್ಕನ್ನು ಅಂಗಳದಲ್ಲೇ ಕೇಳಿಬಿಡಿ. ಎರಡು ಪಿರಿಯಡ್ ಬೇಕು, ಬೆಳಗಿನವಾದರೆ ಒಳ್ಳೆಯದು. ಹನ್ನೆರಡರ ಬಿಸಿಲಿನಲ್ಲಿ ಎಲ್ಲರ ಕಣ್ಣೂ ಹುಬ್ಬಿನ ನೆರಳಿನಲ್ಲಿ ಹೂತುಹೋಗುತ್ತದೆ.