ಮಾಸಿನ ಪೊರೆಯಲ್ಲಿರುವ ಮದ್ದು

ಕಾರವಾರದ ಜಿಲ್ಲಾ ಆಸ್ಪತ್ರೆಯಿರಲಿ, ಅಂಕೋಲಾದ ತಾಲ್ಲೂಕು ಆಸ್ಪತ್ರೆಯಿರಲಿ, ಹೆರಿಗೆಯ ನಂತರ ಬೀಳುವ ಮಾಸು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಹೋಗಬೇಕು.

ಮಾಸಿಗೆ ಅಂಟಿದ ಒಳಪೊರೆಯೇ ಆಮ್ನಿಯಾನ್. ರಕ್ತನಾಳವಿಲ್ಲದ ಈ ತೆಳು ಪದರದಲ್ಲಿ ಕೊಲಾಜನ್, ಲ್ಯಾಮಿನಿನ್ ಜೊತೆಗೆ ಗಾಯ ಮಾಯಿಸುವ ಬೆಳವಣಿಗೆ ಅಂಶಗಳಿವೆ. ಸುಟ್ಟಗಾಯಕ್ಕೆ, ಕಾರ್ನಿಯಾದ ಹುಣ್ಣಿಗೆ ಹೊದಿಸುತ್ತಾರೆ. ಸೋಂಕಿನ ಭಯ ಕಡಿಮೆಯೆಂದು ಸಿಸೇರಿಯನ್ ಹೆರಿಗೆಯದಕ್ಕೇ ಆದ್ಯತೆ. ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮುಗಿಸಿ, ರಕ್ತದ ಕಲೆ ಹೋಗುವ ತನಕ ಸಲೈನ್‌ನಲ್ಲಿ ತೊಳೆಯುತ್ತಾರೆ. ಗ್ಲಿಸರಾಲ್ ದ್ರಾವಣದಲ್ಲಿಟ್ಟರೆ ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು. ಶೀತದಲ್ಲಿ ಒಣಗಿಸಿ ಗಾಮಾ ಕಿರಣ ಹಾಯಿಸಿದರೆ ಕೋಣೆಯ ತಾಪದಲ್ಲೇ ಉಳಿಯುತ್ತದೆ. ಸಣ್ಣ ಊರಿಗೆ ಒಗ್ಗುವುದು ಇದೇ. 1988ರಲ್ಲಿ ಆರಂಭವಾದ ಮುಂಬೈನ ಟಾಟಾ ಮೆಮೋರಿಯಲ್ ಅಂಗಾಂಶ ಬ್ಯಾಂಕ್ ಹಿಡಿದದ್ದೂ ಈ ದಾರಿ.

ಚರ್ಮ ಕಸಿಗೆ ಭ್ರೂಣಪೊರೆ ಬಳಸಿದ್ದನ್ನು ಡೇವಿಸ್ ವರದಿ ಮಾಡಿದ್ದು 1910ರಲ್ಲಿ. ಭಾರತದ 1994ರ ಅಂಗಾಂಗ ಕಸಿ ಕಾಯ್ದೆಗೆ ಅಂಗಾಂಶಗಳು ಸೇರಿದ್ದು 2011ರ ತಿದ್ದುಪಡಿಯಿಂದ.