ಸರ್ಟ್-ಇನ್: ಎಚ್ಚರಿಸುವ ಕಾವಲು

ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡದ ಕಿರುಹೆಸರು ಸರ್ಟ್-ಇನ್. 2004ರಲ್ಲಿ ಕಾರ್ಯಾರಂಭ ಮಾಡಿದ ಈ ಸಂಸ್ಥೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮು ಅಧಿಕಾರ ನೀಡಿದೆ. ಗಣಕಜಾಲಗಳ ಮೇಲಿನ ದಾಳಿಗಳ ಮಾಹಿತಿ ಸಂಗ್ರಹಿಸಿ ಮುನ್ನೆಚ್ಚರಿಕೆ ನೀಡುವುದು ಇದರ ಮುಖ್ಯ ಕರ್ತವ್ಯ. ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ಇದಕ್ಕೆ ವರದಿ ಮಾಡಬೇಕೆಂದು 2022ರ ನಿರ್ದೇಶನ ವಿಧಿಸುತ್ತದೆ. ಒಂದು ಬ್ಯಾಂಕು ಬೇಗ ತಿಳಿಸಿದರೆ ಉಳಿದವು ಎಚ್ಚರಗೊಳ್ಳುತ್ತವೆ. ಮುಚ್ಚಿಟ್ಟರೆ ಎಲ್ಲವೂ ಅಪಾಯಕ್ಕೀಡಾಗುತ್ತವೆ.

ಆದರೆ ಇದು ಪೊಲೀಸ್ ಠಾಣೆಯಲ್ಲ. ಪಾಲಕರು ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ, ಯಾವ ರಾಜ್ಯದಲ್ಲಿದ್ದರೂ, ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಸಾಗಿ ಕೈತಪ್ಪುತ್ತದೆ.

ಚಟುವಟಿಕೆ: ಆಸ್ಪತ್ರೆಯ ಗಣಕಗಳ ಮೇಲಿನ ದಾಳಿ, ಪಾಲಕರಿಗಾದ ವಂಚನೆ – ಯಾವುದನ್ನು ಯಾರಿಗೆ ತಿಳಿಸಬೇಕೆಂಬುದನ್ನು ವಿದ್ಯಾರ್ಥಿಗಳಿಂದ ಕಾರಣಸಹಿತ ಹೇಳಿಸಿರಿ.